ಸಿದ್ದಮಾದಯ್ಯ ಮೇಷ್ಟ್ರು ಮತ್ತು ಮರಳುಗಾಡಿನ ರಾಜ

ಸಿದ್ದಮಾದಯ್ಯ ಮೇಷ್ಟ್ರು ಕನ್ನಡ ಮಾತಾಡಿದರೆ ಒಂದು ಹಕಾರವೂ ಬಾಯಿಂದ ಈಚೆ ಬರುತ್ತಿರಲಿಲ್ಲ. ಹನೂರು ಅವರ ಬಾಯಲ್ಲಿ ‘ಅನೂರು’, ಹಾಲು ‘ಆಲು’, ಹೆಸರು ‘ಎಸ್ರು’. ಆದರೆ ಪುಸ್ತಕ ಬಿಡಿಸಿ ಇಂಗ್ಲಿಷ್ ಶುರು ಮಾಡಿದರೋ, ಅಲ್ಲಿಯವರೆಗೆ ನುಂಗಿದ ಹಕಾರಗಳೆಲ್ಲ ಒಟ್ಟಿಗೆ ಹೊರಟು ಬರುತ್ತಿದ್ದವು. ಒಂದೊಂದನ್ನೂ ಎದೆಯಾಳದಿಂದ ಎಳೆದು ಬಿಡುತ್ತಿದ್ದರು. ಮುಂದಿನ ಬೆಂಚಿನವರ ಮುಖಕ್ಕೆ ಗಾಳಿ ತಾಗುತ್ತಿತ್ತು. ನಾವು ನಕ್ಕರೆ ಅವರೂ ನಗುತ್ತಿದ್ದರು.

“ಕನ್ನಡ ನಮ್ಮವ್ವುಂದು ಕಣ್ರಲಾ, ಎಂಗ್ ಬೇಕಾದ್ರೂ ಆಡ್ಬೋದು. ಇದು ಎರವಲು ತಂದಿರೋದು. ಉಸಾರಾಗಿ ತಕಂಡು ಉಸಾರಾಗಿ ವಾಪಸ್ ಇಡ್ಬೇಕು.”

ಅವರು ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ಪಿಯುಸಿಗೆ ಇಂಗ್ಲಿಷ್ ಹೇಳುತ್ತಿದ್ದರು. ಊರು ಶಾಗ್ಯ. ದಿನಾ ಬಸ್ಸಿನಲ್ಲೇ ಓಡಾಟ. ಮಾದಪ್ಪನ ಬೆಟ್ಟಕ್ಕೆ ಹೋಗಿ ಬರುವ ಭಕ್ತರ ನಡುವೆ ನುಗ್ಗಿ ನಿಂತು ಬರುತ್ತಿದ್ದುದರಿಂದ ಅವರ ಅಂಗಿಯ ಭುಜದ ಮೇಲೆ ಯಾರದೋ ಹಣೆಯ ವಿಭೂತಿ ಒರೆಸಿಕೊಂಡಿರುತ್ತಿತ್ತು. ಸೋಮವಾರ, ಅಮಾವಾಸ್ಯೆಗಳಲ್ಲಿ ಎರಡೂ ಭುಜ ಬೆಳ್ಳಗೆ. ಕರಿಹಲಗೆಯ ಸೀಮೆಸುಣ್ಣ ಯಾವುದು, ಮಾದಪ್ಪನ ವಿಭೂತಿ ಯಾವುದು ಎಂದು ಸಂಜೆಯ ಹೊತ್ತಿಗೆ ಗೊತ್ತಾಗುತ್ತಿರಲಿಲ್ಲ.

ನಾನು ಕಲ್ಲು ಕೆತ್ತುವವನ ಮಗ. ಊರಾಚೆಯ ರಸ್ತೆ ಬದಿಯಲ್ಲಿ ಅಪ್ಪನ ತಗಡಿನ ಶೆಡ್ಡು. ಶಂಕುಸ್ಥಾಪನೆಯ ಕಲ್ಲು, ಮನೆಯ ಹೆಸರಿನ ಕಲ್ಲು, ಸಮಾಧಿಯ ಕಲ್ಲು, ಯಾವಾಗಾದರೊಮ್ಮೆ ಒಂದು ನಂದಿ. ಕಾಲೇಜಿಗೆ ಹೋಗುವ ಮುಂಚೆ ಎರಡು ಗಂಟೆ ನಾನೂ ಕೆಲಸಕ್ಕೆ ಕೂರುತ್ತಿದ್ದೆ. ತಲೆಗೂದಲಲ್ಲಿ ಕಲ್ಲುಪುಡಿ ಉಳಿದುಬಿಡುತ್ತಿತ್ತು. ಅದಕ್ಕೆ ನಾಚಿಕೊಂಡು ಕೊನೆಯ ಬೆಂಚಿನ ಗೋಡೆ ಪಕ್ಕ ಕೂರುತ್ತಿದ್ದೆ.

ಆ ವರ್ಷ ನಮಗೊಂದು ಇಂಗ್ಲಿಷ್ ಪದ್ಯವಿತ್ತು. ಹದಿನಾಲ್ಕೇ ಸಾಲು. ಮರಳುಗಾಡಿನಲ್ಲಿ ಮುರಿದುಬಿದ್ದ ಒಬ್ಬ ರಾಜನ ಪ್ರತಿಮೆ, ತಾತ್ಸಾರಕ್ಕೆ ಕೊಂಕಿದ ಅದರ ತುಟಿ, ಕೆಳಗೆ ಅವನು ಕೊಚ್ಚಿಕೊಂಡು ಬರೆಸಿದ ಮಾತು. ಗೈಡಿನಲ್ಲಿ ಇದರ ಸಾರಾಂಶ ಅರ್ಧ ಪುಟ. ನಾವು ಅದನ್ನು ಆಗಲೇ ಉರು ಹೊಡೆದಿದ್ದೆವು. ಮೇಷ್ಟ್ರು ಪುಸ್ತಕ ನೋಡದೆ ಪದ್ಯವನ್ನು ಎರಡು ಸಲ ಹೇಳಿ, ಕಿಟಕಿಗೆ ಬೆನ್ನು ಕೊಟ್ಟು ನಿಂತು ಕೇಳಿದರು:

“ಯಾರ್ಲಾ ಏಳ್ತಾವ್ರೆ ಇದ?”

“ಕವಿ ಸಾ.”

“ಕವಿ ಆ ಕಲ್ಲ ಕಣ್ಣಾರ ನೋಡಿದ್ನಾ?”

ನಾವು ಪುಸ್ತಕದೊಳಕ್ಕೆ ಕಣ್ಣು ಹಾಕಿದೆವು.

“ಗೋಪಿನಾಥಂ ಬಸ್ಸಲ್ಲಿ ಬಂದೋನು ಒಬ್ಬ ಅನೂರು ಬಸ್ ಸ್ಟ್ಯಾಂಡಲ್ಲಿ ಟೀ ಕುಡೀತಾ ಏಳ್ತಾನೆ ಅನ್ಕಳಿ. ಕಾಡೊಳಗೆ ಒಂದು ಮುರ್ದ್ ಬಿದ್ದಿರೋ ಕಲ್ಲ ಕಂಡೆ, ಅದ್ರ ಮ್ಯಾಲೆ ಇಂಗಿಂಗೆ ಬರ್ದಿತ್ತು ಅಂತ. ನಾನದ ಕೇಳ್ಕಂಡು ಬಂದು ನಿಮ್ಗೆ ಏಳ್ತೀನಿ. ಈಗ ಎಷ್ಟು ಬಾಯಿ ಆಯ್ತು ಲೆಕ್ಕ ಆಕಿ. ರಾಜ ಬರ್ಸಿದ್ದು ಕಲ್ಲಿಗೆ. ಕಲ್ಲಿಂದ ದಾರಿಯೋನ್ಗೆ, ದಾರಿಯೋನಿಂದ ಕವಿಗೆ, ಕವಿಯಿಂದ ನನ್ಗೆ. ಅಷ್ಟು ದೊಡ್ಡ ರಾಜ, ಇವತ್ತು ಕೊಳ್ಳೇಗಾಲದಲ್ಲಿ ನನ್ ಬಾಯಿ ಕೇಳಿ ಇಸ್ಕಂಡು ಮಾತಾಡ್ತಾವ್ನೆ!”

ತರಗತಿ ನಕ್ಕಿತು. ಅವರು ನಗು ಮುಗಿಯಲು ಬಿಟ್ಟು, ಇನ್ನೊಂದು ಪ್ರಶ್ನೆ ಹಾಕಿದರು. ಈ ಪದ್ಯದಲ್ಲಿ ದೊಡ್ಡವನು ಯಾರು? ಮುಂದಿನ ಬೆಂಚಿನ ಹುಡುಗಿ ಎದ್ದು, ಕಾಲವೇ ಎಲ್ಲಕ್ಕಿಂತ ದೊಡ್ಡದು ಎಂದಳು. “ಅದು ಗೈಡ್ ಬರ್ದೋನ ಮಾತು ಕಣವ್ವ, ನಿಂದ್ ಏಳು” ಎಂದು ಅವಳನ್ನು ಕೂರಿಸಿದರು. ಅವರ ಕಣ್ಣು ಬೆಂಚುಗಳನ್ನು ದಾಟಿಕೊಂಡು ಬಂದು ನನ್ನ ಮೇಲೆ ನಿಂತಿತು.

“ನಂಜುಂಡ, ನೀನ್ ಏಳ್ಲಾ.”

ನನಗೇನೂ ಹೊಳೆದಿರಲಿಲ್ಲ. ಪದ್ಯ ಕೇಳುವಾಗ ತಲೆಯಲ್ಲಿ ಓಡುತ್ತಿದ್ದುದು ಒಂದೇ ಸಂಗತಿ. ಅದನ್ನೇ ಹೇಳಿಬಿಟ್ಟೆ.

“ತುಟಿ ಕೆತ್ತೋದು ಕಷ್ಟ ಸಾ.”

ಈ ಸಲ ನಗು ಜೋರಾಗಿತ್ತು. ಮೇಷ್ಟ್ರು ನಗಲಿಲ್ಲ. “ಯಾಕ್ಲಾ?” ಎಂದರು.

“ಕಣ್ಣು ಮೂಗು ಅಳತೆ ಇಟ್ಟು ಕೆತ್ಬೋದು ಸಾ. ತುಟಿ ಒಂದು ಕೂದಲೆಳೆ ಏರುದ್ರೂ ಮುಖದ ಭಾವ ಕೆಟ್ಟೋಯ್ತದೆ ಅಂತ ನಮ್ಮಪ್ಪ ಏಳ್ತದೆ. ಆ ರಾಜ ಎಲ್ಲಾರ್ನೂ ಕೀಳಾಗಿ ನೋಡ್ತಿದ್ದ ಅಂತ ಕೆತ್ತಿದೋನ್ಗೆ ಗೊತ್ತಿತ್ತು ಸಾ. ಗೊತ್ತಿದ್ದೇ ಅಂಗ್ ಕೆತ್ತವ್ನೆ. ರಾಜುನ್ಗೆ ಮಾತ್ರ ಅದು ಗೊತ್ತಾಗ್ನಿಲ್ಲ. ಚೆನ್ನಾಗದೆ ಅಂತ ನಿಲ್ಲುಸ್ಕಂಡವ್ನೆ.”

ಮೇಷ್ಟ್ರು ಡಸ್ಟರ್ ಕೈಗೆತ್ತಿಕೊಂಡರು. ಆಮೇಲೆ ಹಲಗೆಯ ಮೇಲಿದ್ದುದನ್ನೆಲ್ಲ ಅಳಿಸಿ, ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಎಲ್ಲರೂ ಬರೆದುಕೊಳ್ಳಿ ಎಂದರು. ನನ್ನ ಬಾಯಿಂದ ಬಂದ ಮಾತನ್ನು ಅರವತ್ತು ಜನ ಬರೆದುಕೊಳ್ಳುವುದನ್ನು ಅವತ್ತು ಮೊದಲ ಸಲ ನೋಡಿದೆ. ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ನನ್ನನ್ನು ತಡೆದು, “ಸಾಯಂಕಾಲ ನಿಮ್ಮಪ್ಪುನ್ ತಾವಕ್ಕೆ ಬತ್ತೀನಿ” ಎಂದರು.

ಬಂದೇ ಬಂದರು. ಅಪ್ಪ ಮೊಣಕಾಲ ನಡುವೆ ಒಂದು ಕಲ್ಲಿಟ್ಟುಕೊಂಡು ಅಕ್ಷರ ಬಿಡಿಸುತ್ತಿತ್ತು. ಮೇಷ್ಟ್ರು ಎದುರಿಗೆ ಒಂದು ಒಡೆದ ಚಪ್ಪಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಕೊನೆಗೆ ಒಂದಕ್ಷರದ ಮೇಲೆ ಬೆರಳಿಟ್ಟು, “ಕೆಂಪಾಚಾರ್ರೇ, ಇದು ಯಾವ ಅಕ್ಸರ?” ಎಂದು ಕೇಳಿದರು.

“ಯಾವುದೋ ಕಾಣೆ ಸಾ” ಅಂದಿತು ಅಪ್ಪ, ಉಳಿ ನಿಲ್ಲಿಸದೆ. “ಇದು ಬಾಲ ಇರೋದು. ಬಾಲ ಇರೋದ್ರಲ್ಲಿ ಉಳಿ ಜಾರ್ತದೆ. ಅದ್ಕೆ ನಿಧಾನ ಮಾಡ್ತೀನಿ.”

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅಪ್ಪನಿಗೆ ಓದು ಬಾರದು. ಗಿರಾಕಿಗಳು ಬರೆದು ಕೊಟ್ಟ ಚೀಟಿಯನ್ನು ನೋಡಿ, ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಹಾಗೇ ಇಳಿಸಿಕೊಂಡು ಕೆತ್ತುತ್ತಿತ್ತು. ಕನ್ನಡವಾಗಲಿ ಇಂಗ್ಲಿಷಾಗಲಿ ಗಡಿಯ ಕಡೆಯವರು ತಂದ ತಮಿಳಾಗಲಿ, ಅದಕ್ಕೆ ಎಲ್ಲವೂ ಬಳ್ಳಿ, ಬಾಲ, ಸುಳಿ. ಮೂವತ್ತು ವರ್ಷದಲ್ಲಿ ಒಂದು ತಪ್ಪೂ ಮಾಡಿರಲಿಲ್ಲ. ಈ ವಿಷಯ ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಅಪ್ಪ ಅಷ್ಟು ಸುಲಭವಾಗಿ ಹೇಳಿಬಿಟ್ಟದ್ದು ಕಂಡು ನನಗೆ ಆಶ್ಚರ್ಯವಾಯಿತು.

ಅಲ್ಲಿಂದ ಭಾನುವಾರ ಭಾನುವಾರ ಮೇಷ್ಟ್ರು ಶೆಡ್ಡಿಗೆ ಬರತೊಡಗಿದರು. ಸ್ಲೇಟಿಲ್ಲ, ಬಳಪವಿಲ್ಲ. ಬಿದ್ದ ಚಕ್ಕೆಗಳ ಮೇಲೆ ಪಾಠ. ಅಪ್ಪನ ಕೈಗೆ ಅಕ್ಷರಗಳೆಲ್ಲ ಮೊದಲೇ ಗೊತ್ತಿದ್ದವು. ಅವುಗಳ ದನಿ ಮಾತ್ರ ಗೊತ್ತಿರಲಿಲ್ಲ. “ಓ, ಇದೇನಾ ಮ! ಇದ್ನ ಎಷ್ಟು ಸಾವಿರ ಕೆತ್ತಿದ್ದೀನಿ ಸಾ!” ಎಂದು ಅಪ್ಪ ಬೆರಗುಪಟ್ಟ ದಿನ ಮೇಷ್ಟ್ರ ಮುಖ ನೋಡಬೇಕಿತ್ತು.

ಎರಡು ತಿಂಗಳಲ್ಲಿ ಅಪ್ಪ ಓದಲು ಕಲಿಯಿತು. ತನ್ನ ಹೆಸರು ಕೆತ್ತಿಕೊಳ್ಳುತ್ತದೆ ಎಂದು ನಾನು ಕಾದಿದ್ದೆ. ಅಪ್ಪ ಮೊದಲು ಕೆತ್ತಿದ್ದು ಅವ್ವನ ಹೆಸರು, ಅದೂ ಅಡುಗೆಮನೆಯ ಒರಳುಕಲ್ಲಿನ ಮೇಲೆ. ಅವ್ವ ಬೈದಳು. “ರುಬ್ಬೋ ಕಲ್ಲಲ್ಲಿ ಯಾರಾದ್ರೂ ಎಸ್ರು ಬರೀತಾರಾ? ಇಟ್ಟೆಲ್ಲ ಅಕ್ಸರುದೊಳಕ್ಕೆ ಸೇರ್ಕತದೆ!” ಆದರೆ ಪ್ರತಿ ಸಲ ರುಬ್ಬಿದ ಮೇಲೆ, ತೆಂಗಿನ ನಾರಿನಿಂದ ಆ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಉಜ್ಜಿ ತೊಳೆಯುತ್ತಿದ್ದಳು.

ಅಪ್ಪ ತೀರಿಹೋದ ಮೇಲೆ ಶೆಡ್ಡು ನನ್ನದಾಯಿತು. ಬಿ.ಎ. ಮುಗಿಸಿದ್ದರೂ ಮನಸ್ಸು ಕಲ್ಲಿನ ಕಡೆಗೇ ಇತ್ತು. ಈಗ ಉಳಿಯ ಕೆಲಸ ಕಡಿಮೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂರಿಸಿಕೊಟ್ಟರೆ ಮಿಷನ್ನು ಕೆತ್ತಿಕೊಡುತ್ತದೆ. ಬೆಟ್ಟದ ಲಾಡ್ಜುಗಳು, ಹನೂರಿನ ಹೊಸ ಕಟ್ಟಡಗಳು, ಯಳಂದೂರಿನ ಕಲ್ಯಾಣ ಮಂಟಪಗಳು, ಎಲ್ಲ ಕಡೆಯಿಂದ ಕೆಲಸ ಬರುತ್ತದೆ. ಮೇಷ್ಟ್ರು ನಿವೃತ್ತರಾಗಿ ಶಾಗ್ಯದಲ್ಲಿ ಮಗ ಸೊಸೆಯ ಜೊತೆ ಇದ್ದರು. ತಿಂಗಳಿಗೊಮ್ಮೆ ಕೊಳ್ಳೇಗಾಲಕ್ಕೆ ಬಂದರೆ ಶೆಡ್ಡಿನಲ್ಲಿ ಒಂದು ಗಳಿಗೆ ಕೂತು ಹೋಗುತ್ತಿದ್ದರು.

ಆಗ ನಡೆದದ್ದು ಇದು. ಯಳಂದೂರಿನಲ್ಲಿ ಒಂದು ಹಳೆಯ ವಾಚನಾಲಯವಿತ್ತು. ಊರವರು ಅದನ್ನು ಓದೋ ಮನೆ ಅನ್ನುತ್ತಿದ್ದರು. ಅದನ್ನು ದುರಸ್ತಿ ಮಾಡಿಸಿದ ಮುಖಂಡರೊಬ್ಬರು ತಮ್ಮ ತಂದೆಯ ಹೆಸರನ್ನು ಅದಕ್ಕಿಡಲು ಹೊರಟರು. ಅವರ ಕಡೆಯವರು ಒಂದು ಟೆಂಪೋದಲ್ಲಿ ಹಳೆಯ ಕಲ್ಲನ್ನೇ ಹಾಕಿಕೊಂಡು ಬಂದರು. ಒಳ್ಳೆಯ ಕರಿಕಲ್ಲು, ಗೇಣುದಪ್ಪ. ಇದರ ಮುಖ ಉಜ್ಜಿ, ಇದರಲ್ಲೇ ಹೊಸ ಹೆಸರು ಹಾಕಿಕೊಡಿ ಅಂದರು. ಕಲ್ಲಿನ ಮೇಲೆ ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿತ್ತು. ಆ ಹೊತ್ತಿಗೆ ನನಗೆ ಯಾವುದೋ ಫೋನು. ಭುಜಕ್ಕೂ ಕಿವಿಗೂ ನಡುವೆ ಫೋನು ಒತ್ತಿಕೊಂಡೇ ಗ್ರೈಂಡರ್ ಹಿಡಿದೆ. ಮಾತು ಮುಗಿಯುವುದರೊಳಗೆ ಕಲ್ಲು ಕನ್ನಡಿಯಾಗಿತ್ತು.

ಹತ್ತು ದಿನದ ಮೇಲೆ ಮೇಷ್ಟ್ರು ಬಂದರು. ಎಂದಿನಂತೆ ಕೂರಲಿಲ್ಲ.

“ಯಳಂದೂರಿನ ಓದೋ ಮನೆ ಕಲ್ಲು ನಿನ್ ತಾವ್ ಬಂದಿತ್ತಾ?”

“ಊ ಸಾ.”

“ಅದ್ರಲ್ಲಿ ಏನ್ ಬರ್ದಿತ್ಲಾ?”

ನಾನು ನೆನಪಿಸಿಕೊಳ್ಳಲು ನೋಡಿದೆ. ಸುಣ್ಣ ಕಂಡಿತು, ದೂಳು ಕಂಡಿತು. ಒಂದಕ್ಷರವೂ ಕಾಣಲಿಲ್ಲ.

“ನೋಡ್ನಿಲ್ಲ ಸಾ.”

ಅವರು ಬಗ್ಗಿ ಗ್ರೈಂಡರಿನ ಮೇಲಿನ ದೂಳನ್ನು ಬೆರಳಲ್ಲಿ ಒರೆಸಿದರು. ಆಮೇಲೆ ಮೆಲ್ಲಗೆ, ನೋಯಿಸಬೇಕೆಂಬ ಇರಾದೆಯೇ ಇಲ್ಲದ ದನಿಯಲ್ಲಿ ಹೇಳಿದರು: “ನಿಮ್ಮಪ್ಪ ಓದಕ್ಕೆ ಬರ್ದೆ ಕೆತ್ತಿದ್ರು. ನೀನು ಓದಕ್ಕೆ ಬಂದೂ ಓದ್ದೆ ಅಳಿಸ್ಬುಟ್ಟೆ.”

ಅಷ್ಟೇ. ನೀರು ಕೊಡಲೇ ಎಂದರೆ ಬೇಡವೆಂದು ಕೈಯಾಡಿಸಿ ಬಸ್ಸಿಗೆ ಹೊರಟರು. ಅವರ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಕೂಗಿ ಕರೆಯಬೇಕೆನಿಸಿತು. ಕರೆದು ಏನು ಹೇಳಲಿ?

ಅವರು ಮತ್ತೆ ಶೆಡ್ಡಿಗೆ ಬರಲಿಲ್ಲ. ನಾನೂ ಒಂದು ವರ್ಷ ಶಾಗ್ಯದ ಕಡೆ ತಲೆ ಹಾಕಲಿಲ್ಲ. ಒಂದು ಸಲ ಬೆಟ್ಟದ ಬಸ್ಸಿನಲ್ಲಿ ಹೋಗುವಾಗ ಹನೂರು ಬಸ್ ಸ್ಟ್ಯಾಂಡಿನಲ್ಲಿ ಅವರು ನಿಂತಿದ್ದುದು ಕಂಡಿತು. ಕೈಯಲ್ಲಿ ಬಟ್ಟೆಯ ಚೀಲ. ಕಣ್ಣಿಗೆ ಕೈ ಅಡ್ಡ ಹಿಡಿದು ಬಸ್ಸುಗಳ ಬೋರ್ಡು ಓದಲು ಪರದಾಡುತ್ತಿದ್ದರು. ಇಳಿದುಹೋಗಿ ಇದು ಇಂಥ ಬಸ್ಸು ಸಾ ಎಂದರೆ ಸಾಕಿತ್ತು. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಿಂದ ನೋಡಿದೆ. ಅವರು ಇನ್ನೂ ಹಾಗೇ ನಿಂತಿದ್ದರು. ಭಾನುವಾರ ಸಂಜೆ ಶೆಡ್ಡಿನಲ್ಲಿ ಒಬ್ಬನೇ ಕೂತಾಗ, ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ಇವತ್ತಿಗೂ ಕತ್ತು ತಾನಾಗಿ ತಿರುಗುತ್ತದೆ.

ಕೊನೆಗೆ ತಡೆಯಲಾರದೆ ಯಳಂದೂರಿಗೆ ಹೋದೆ. ಆ ಕಲ್ಲಿನಲ್ಲಿ ಏನಿತ್ತು ಎಂದು ವಾಚನಾಲಯದ ಸುತ್ತಮುತ್ತ ಕೇಳಿದೆ. ಎದುರಿನ ಅಂಗಡಿಯವನು, “ಏನೋ ಒಂದು ಅಳೇ ಕಲ್ಲಿತ್ತು ಕಣ್ರಿ” ಎಂದ. ನಲವತ್ತು ವರ್ಷ ಅದರ ಮುಂದೆ ಓಡಾಡಿದವರಿಗೂ ನೆನಪಿರಲಿಲ್ಲ. ಮೂರನೆಯ ಸಲ ಹೋದಾಗ ಯಾರೋ ರಾಚಯ್ಯ ಎಂಬ ಮುದುಕರ ಮನೆ ತೋರಿಸಿದರು. ಹಿಂದೆ ಓದೋ ಮನೆಯ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದವರು ಅವರೇ. ಕಲ್ಲಿನ ಮಾತೆತ್ತಿದರೆ ಅವರಿಗೂ ತಟ್ಟನೆ ಹೊಳೆಯಲಿಲ್ಲ. ಕಣ್ಣು ಮುಚ್ಚಿದರು. ಆಮೇಲೆ ಅವರ ಬಲಗೈ ಗಾಳಿಯಲ್ಲಿ ಒರೆಸುವಂತೆ ಎಡದಿಂದ ಬಲಕ್ಕೆ ಆಡತೊಡಗಿತು. ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಆ ಕಲ್ಲು ಒರೆಸುತ್ತಿದ್ದರಂತೆ. ಕೈ ಆಡಿದಂತೆ ಒಂದೊಂದೇ ಸಾಲು ಬಾಯಿಗೆ ಬಂತು.

“ನನಗೆ ಓದಲು ಬಾರದು. ಓದುವವರು ಈ ನೆರಳಲ್ಲಿ ಕೂರಲಿ. ಚಿಕ್ಕತಾಯಮ್ಮ, ರೇಷ್ಮೆ ನೂಲು ತೆಗೆಯುವವಳು.”

ಆ ಹೆಂಗಸು ಗೂಡು ಬಿಚ್ಚಿ ನೂಲು ತೆಗೆದು ಬದುಕಿದವಳು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದ ಒಂದು ಮನೆಯನ್ನು ಓದುವವರಿಗೆ ಬಿಟ್ಟುಹೋಗಿದ್ದಳು. “ಆಸ್ಟ್ಲಲ್ಲಿದ್ದ ಸಿದ್ದಮಾದ ಅಂತ ಒಂದು ಉಡ್ಗ, ಅಲ್ಲೇ ಮೂಲೇಲಿ ಕೂತ್ಕಂಡು ಇಂಗ್ಲೀಸ ಜೋರಾಗಿ ಓದೋದು” ಎಂದರು ರಾಚಯ್ಯ. “ಮಿಕ್ಕೋರು ಬಯ್ಯೋರು. ನಾನು ಓದ್ಕಳ್ಳಿ ಬುಡಿ ಅಂತಿದ್ದೆ.”

ನಾನು ಅವರಿಗೆ ಕೈ ಮುಗಿದು ಎದ್ದೆ.

ಶೆಡ್ಡಿಗೆ ಬಂದು, ಮಿಷನ್ನು ಮುಟ್ಟದೆ, ಅಪ್ಪನ ಉಳಿಯಲ್ಲಿ ಆ ಮೂರು ಸಾಲನ್ನು ಕೆತ್ತಿದೆ. ಕೈಗೆ ಅಭ್ಯಾಸ ತಪ್ಪಿತ್ತು. ಬಾಲದ ಅಕ್ಷರಗಳಲ್ಲಿ ಉಳಿ ಜಾರುತ್ತಿತ್ತು. ವಾಚನಾಲಯ ನೋಡಿಕೊಳ್ಳುವ ಮೇಡಂಗೆ ಎಲ್ಲ ವಿಷಯ ಹೇಳಿದೆ. ಆಕೆ ಸ್ವಲ್ಪ ಹೆದರಿದರು. ಹೊರಗೆ ದೊಡ್ಡವರ ಕಲ್ಲಿದೆ. ಅದರ ಪಕ್ಕ ಇಟ್ಟರೆ ನನಗೂ ತೊಂದರೆ, ನಿಮಗೂ ಕೆಲಸ ತಪ್ಪುತ್ತದೆ ಎಂದರು. ಆಮೇಲೆ ತಾವೇ, “ಒಳಗಡೆ ಇಡೋಣ. ಪೇಪರ್ ಓದೋ ಬೆಂಚಿನ ಎದುರಿಗೆ. ಬಂದವರು ಹೇಗಿದ್ದರೂ ಅಲ್ಲೇ ತಾನೆ ಕೂರೋದು?” ಎಂದರು. ಹಾಗೆಯೇ ಇಟ್ಟೆವು. ಯಾರೂ ಬಂದು ಕೇಳಲಿಲ್ಲ. ಆ ಮುಖಂಡರು ಇವತ್ತಿನವರೆಗೂ ಒಳಕ್ಕೆ ಕಾಲಿಟ್ಟಿಲ್ಲ ಎಂದು ಕೇಳಿದ್ದೇನೆ.

ಅದರ ಫೋಟೊ ತೆಗೆದುಕೊಂಡು ಶಾಗ್ಯಕ್ಕೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ನನ್ನ ಹೆಜ್ಜೆ ಕೇಳಿ ತಲೆಯೆತ್ತಿದರೂ ಗುರುತು ಹಿಡಿಯಲಿಲ್ಲ. ಕಣ್ಣು ಪೂರ್ತಿ ಮಂಜಾಗಿತ್ತು. ಎರಡು ಸಲ ಆಪರೇಷನ್ ಆಗಿಯೂ ಪ್ರಯೋಜನವಾಗಿರಲಿಲ್ಲ. ಸೊಸೆ ಸುಧಾ, “ಮಾವ, ಕೊಳ್ಳೇಗಾಲುದ್ ನಂಜುಂಡಣ್ಣ ಬಂದವ್ರೆ” ಎಂದಳು.

“ಯಾವಾಗ್ ಬಂದೀಯಾ ಅಂತ ನೋಡ್ತಿದ್ದೆ ಕಣ್ಲಾ” ಎಂದರು. ಒಂದು ವರ್ಷ ನಾನು ಅವರ ಕೋಪಕ್ಕೆ ಹೆದರಿಕೊಂಡು ದೂರ ಇದ್ದೆ. ಅವರು ನನ್ನ ದಾರಿ ನೋಡುತ್ತಿದ್ದರು.

ಫೋನನ್ನು ಅವರ ಕೈಗಿಟ್ಟು, ಕಲ್ಲಿನ ವಿಷಯ ಹೇಳಿದೆ. ಅವರು ಫೋನಿನ ಗಾಜನ್ನು ಹೆಬ್ಬೆರಳಲ್ಲಿ ಸವರಿ, ವಾಪಸ್ಸು ಕೊಟ್ಟು, “ಓದ್ಲಾ” ಎಂದರು.

ಓದಿದೆ. ಮೂರು ಸಾಲು ಓದಲು ಎಷ್ಟು ಹೊತ್ತು? ನನಗೆ ಎರಡು ಕಡೆ ನಿಲ್ಲಿಸಬೇಕಾಯಿತು. ಅವರು ತುಟಿಯಲ್ಲೇ ನನ್ನ ಜೊತೆ ಹೇಳುತ್ತಿದ್ದರು. ಒಂದಕ್ಷರವೂ ಮರೆತಿರಲಿಲ್ಲ. ಸುಧಾ ತಂದಿಟ್ಟ ಕಾಫಿ ಆರಿತು.

“ಆ ರಾಜುನ್ನ ಬೈಕಂಡು ಬೈಕಂಡೇ ಅಷ್ಟು ವರ್ಷ ಪಾಠ ಮಾಡ್ಬುಟ್ಟೆ ಕಣ್ಲಾ” ಎಂದರು ಆಮೇಲೆ. “ಜಂಬುದ್ ನನ್ ಮಗ, ಮಣ್ಣಾದ, ಒಳ್ಳೇದಾಯ್ತು ಅಂತ. ನಿಮ್ಗೂ ಅಂಗೇ ಏಳ್ಕೊಟ್ಟೆ. ಈಗ ಕಣ್ಣು ಕಾಣ್ದೆ ಕೂತ್ಕಂಡು ಅದೇ ಪದ್ಯ ಏಳ್ಕತೀನಿ. ಬ್ಯಾರೆ ತರ ಕೇಳ್ತದೆ.”

“ಎಂಗೆ ಸಾ?”

“ಅವ್ನ್ಗೆ ಭಯ ಇತ್ತು ಕಣೋ. ಎಲ್ಲಿ ಮರ್ತ್ಬುಟ್ಟಾರು ಅಂತ. ಭಯ ಇಲ್ದೋನು ಅಷ್ಟು ದೊಡ್ಡ ಕಲ್ಲ ಯಾಕ್ ನಿಲ್ಲಿಸ್ತಾನೆ? ಆ ಯಮ್ಮ ನೋಡು, ಚಿಕ್ಕತಾಯಮ್ಮ. ಅವಳ್ಗೆ ತನ್ ಎಸ್ರು ಉಳೀಬೇಕು ಅಂತ ಇರ್ನಿಲ್ಲ. ಯಾರಾದ್ರೂ ಬಂದು ಕೂತ್ಕಳ್ಳಿ ಅಂತ ಇತ್ತು.” ನನ್ನ ಕಡೆ ತಿರುಗಿ, “ನನ್ನ ಮಾತು ನಿಂಗೆ ನೋವಾಯ್ತು ಅಲ್ವಾ?” ಎಂದರು.

“ಆಯ್ತು ಸಾ.”

“ನಂಗೂ ಆಯ್ತು. ಆಡ್ದೆ ಇದ್ದಿದ್ರೆ ನೀನು ಬತ್ತಾ ಇರ್ತಿದ್ದೆ.”

ಹೊರಡುವಾಗ ನನ್ನ ತಲೆ ಮುಟ್ಟಿ, ಬೆರಳು ಉಜ್ಜಿಕೊಂಡು, ಕಲ್ಲುಪುಡಿ ಸಿಕ್ಕಿದ್ದಕ್ಕೆ ನಕ್ಕರು. ಮುಂದಿನ ತಿಂಗಳು ಯಳಂದೂರಿಗೆ ಕರೆದುಕೊಂಡು ಹೋಗುತ್ತೇನೆ, ಆ ಬೆಂಚಿನ ಮೇಲೆ ಕೂರಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮುಂದಿನ ತಿಂಗಳು ಬರಲಿಲ್ಲ. ಬೆಟ್ಟದ ಲಾಡ್ಜೊಂದರ ಕಲ್ಲು ಕೂರಿಸುತ್ತಿದ್ದಾಗ ಮೇಷ್ಟ್ರು ಹೋದರೆಂದು ಹಳೆಯ ಸಹಪಾಠಿಯ ವಾಟ್ಸಾಪ್ ಸಂದೇಶ ಬಂತು. ಸಿಗ್ನಲ್ ಇಲ್ಲದ ಜಾಗ, ಅದು ನನಗೆ ಕಂಡದ್ದೇ ಅರ್ಧ ದಿನ ತಡವಾಗಿ. ಶಾಗ್ಯ ಮುಟ್ಟುವ ಹೊತ್ತಿಗೆ ಅವರ ಹೊಲದಲ್ಲಿ ಮಣ್ಣು ಮಾಡಿ, ಜನ ಕೈಕಾಲು ತೊಳೆಯುತ್ತಿದ್ದರು.

ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಕಲ್ಲು ಆರಿಸಿಬಿಟ್ಟಿದ್ದೆ. ಅಳತೆ, ಅಕ್ಷರ, ಎಲ್ಲ. ಸುಧಾಳ ಹತ್ತಿರ ಮಾತೆತ್ತುವ ಮೊದಲೇ ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು ಹೇಳಿದಳು: “ಕಲ್ಲು ಬ್ಯಾಡ ಅಂದ್ಬುಟ್ಟವ್ರೆ ಅಣ್ಣ. ‘ನಂಜುಂಡ ಬಂದೇ ಬತ್ತನೆ, ಕಲ್ಲು ತಕಂಡು. ಬ್ಯಾಡ ಅನ್ನಿ, ಉಳೋ ನೇಗ್ಲಿಗೆ ಅಡ್ಡ ಆಯ್ತದೆ’ ಅಂದ್ರು.” ಅಳುತ್ತಿದ್ದವಳಿಗೆ ನಗು ಬಂತು. ನನಗೂ ಬಂತು.

ಮಳೆಗಾಲ ಶುರುವಾದ ಮೇಲೆ ಇನ್ನೊಮ್ಮೆ ಹೋದೆ. ಹೊಲವನ್ನು ಉತ್ತು ಜೋಳ ಹಾಕಿದ್ದರು. ಮೊಣಕಾಲುದ್ದ ಬಂದಿತ್ತು, ಎಲ್ಲ ಒಂದೇ ಹಸಿರು. ಎಲ್ಲಿ ಎಂದು ಕೇಳಿದೆ. ಸುಧಾ ಬದುವಿನ ಮೇಲೆ ನಿಂತು, ಕೈ ಚಾಚಿ, ಸ್ವಲ್ಪ ಅನುಮಾನದಿಂದ ಆ ಕಡೆ ಈ ಕಡೆ ನೋಡಿ, “ಅಲ್ಲೇ ಅಣ್ಣ... ಆ ಬೇವಿನ ಮರುದ್ ನ್ಯಾರಕ್ಕೆ. ಒಸಿ ಇಂದೋ ಮುಂದೋ” ಎಂದಳು.

ಎಲ್ಲಿ ನಿಂತು ಕೈ ಮುಗಿಯಬೇಕೋ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ಇಳಿದು, ಪೈರು ಮುರಿಯದ ಹಾಗೆ, ಹೊಲದ ಆ ತುದಿಯವರೆಗೂ ಒಮ್ಮೆ ನಡೆದು ಬಂದೆ.